ಮಲಗಿಸಿದ ಕುದುರೆಯ ಮುಖದಲ್ಲಿ ಹಾಲ್ಟರ್ ಬಿಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು. ಇಂಜೆಕ್ಷನ್ ಕೊಟ್ಟು ಕುದುರೆಯನ್ನು ನೆಲಕ್ಕೆ ಮಲಗಿಸಿದ ಕೂಡಲೇ ಅದರ ಮುಖದ ಹಾಲ್ಟರ್ ಬಿಚ್ಚಿ. ಡಾಕ್ಟರು ಮರೆತರೆ ನೀವು ನೆನಪಿಸಿ. ಅವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಹಾಲ್ಟರ್ ಅಂದರೆ ಕುದುರೆಯನ್ನು ಕಟ್ಟುವಾಗ ಮುಖಕ್ಕೆ ಹಾಕುತ್ತಾರಲ್ಲ, ಆ ಪಟ್ಟಿ. ಕಡಿವಾಣ ಅಲ್ಲ. ಬಾಯೊಳಗೆ ಇದರದ್ದೇನೂ ಹೋಗುವುದಿಲ್ಲ. ಮೂಗಿನ ಮೇಲೊಂದು ಸುತ್ತು, ಕಿವಿಯ ಹಿಂದೊಂದು ಸುತ್ತು, ಎರಡೂ ಸೇರುವ ಕಡೆ ಕೆನ್ನೆಯ ಮೇಲೆ ಕಬ್ಬಿಣದ ಬಳೆ. ನಮ್ಮ ಚಂದ್ರಿಗೆ ಆದದ್ದೆಲ್ಲ ಆ ಬಳೆಯಿಂದ.

ನನ್ನ ಸೋದರಮಾವ ಮೈಸೂರಿನಲ್ಲಿ ಟಾಂಗಾ ಓಡಿಸುತ್ತಾರೆ. ಮೂಲ ಮಂಡ್ಯದ ಕಡೆಯ ಹಳ್ಳಿ. ಊರು ಬಿಟ್ಟು ಮೂವತ್ತು ವರ್ಷದ ಮೇಲಾಯಿತು, ಮಾತು ಮಾತ್ರ ಇನ್ನೂ ಅಲ್ಲಿಯದೇ. ಭಾನುವಾರ ಸಂಜೆ ಅರಮನೆಗೆ ದೀಪ ಹಾಕುವ ಹೊತ್ತಿಗೆ ಸವಾರಿ ಜಾಸ್ತಿ, ದಸರಾ ಬಂದರಂತೂ ಊಟಕ್ಕೂ ಬಿಡುವಿರುವುದಿಲ್ಲ. ಚಂದ್ರಿ ಅವರ ಹೆಣ್ಣು ಕುದುರೆ. ಕೆಂಚು ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು. ಮಾವನ ಹೆಜ್ಜೆ ಸದ್ದು ಕೇಳಿದರೆ ಸಾಕು, ಲಾಯದೊಳಗಿಂದಲೇ ಮೂಗಿನಲ್ಲಿ ಸಣ್ಣಗೆ ಗುರುಗುಡುತ್ತದೆ.

ಹೋದ ಮಳೆಗಾಲದಲ್ಲಿ ಗಾಳಿಗೆ ಲಾಯದ ತಗಡು ಕಿತ್ತು ಬಂದು ಚಂದ್ರಿಯ ಬಲತೊಡೆಗೆ ಬಡಿಯಿತು. ಅಂಗೈ ಉದ್ದದ ಸೀಳು. ಹೊಲಿಗೆ ಹಾಕಲೇಬೇಕಿತ್ತು. ಒಬ್ಬ ಡಾಕ್ಟರನ್ನು ಕರೆಸಿದೆವು. ನಿಂತಲ್ಲೇ ಹಾಕೋಣ ಅಂತ ಮೊದಲು ಕೋಲಿನ ತುದಿಗೆ ಹಗ್ಗದ ಕುಣಿಕೆ ಕಟ್ಟಿ, ಅದರಲ್ಲಿ ಚಂದ್ರಿಯ ಮೇಲ್ತುಟಿ ಸಿಕ್ಕಿಸಿ ತಿರುಚಿದರು. ಒಂದೆರಡು ನಿಮಿಷ ಸುಮ್ಮನಿತ್ತು, ಸೂಜಿ ತಾಗಿದ್ದೇ ಒದೆಯಿತು. ಸಹಾಯಕ್ಕೆ ಬಂದಿದ್ದ ಹುಡುಗ ಕಿವಿ ಹಿಡಿದು ತಿರುಚಿದ. ಇನ್ನೂ ಗಾಬರಿಯಾಯಿತು. ಕೊನೆಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಎಡಮಗ್ಗುಲಾಗಿ ಬಿತ್ತು, ಲಾಯದ ಮುಂದಿನ ಸಿಮೆಂಟ್ ಅಂಗಳದಲ್ಲಿ. ಕೆಳಗೆ ಏನೂ ಹಾಸಿರಲಿಲ್ಲ.

ತಲೆ ಎತ್ತದ ಹಾಗೆ ಹಿಡಿದುಕೊಳ್ಳಿ ಅಂದರು. ಹಿಡಿದುಕೊಂಡವಳು ನಾನು. ಒಂದು ಮಂಡಿ ಅದರ ಕತ್ತಿನ ಮೇಲೆ, ಎರಡೂ ಕೈ ಹಾಲ್ಟರಿನ ಮೇಲೆ. ಕುದುರೆ ಸ್ವಲ್ಪ ಅಲುಗಾಡಿದರೂ ಇನ್ನಷ್ಟು ಒತ್ತಿದೆ. ಅದು ಎದ್ದುಬಿಟ್ಟರೆ ಹೊಲಿಗೆ ಕಿತ್ತುಹೋಗುತ್ತದೆ, ಯಾರಿಗಾದರೂ ಒದೆಯುತ್ತದೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಮಧ್ಯೆ ಮತ್ತೊಂದು ಇಂಜೆಕ್ಷನ್ ಕೊಟ್ಟರು. ಎಲ್ಲ ಮುಗಿದು ಚಂದ್ರಿ ಎದ್ದು ನಿಲ್ಲುವಾಗ ಒಂದು ಗಂಟೆಯ ಮೇಲಾಗಿತ್ತು. ಅಷ್ಟು ಹೊತ್ತೂ ಅದರ ಎಡಕೆನ್ನೆ, ಆ ಕಬ್ಬಿಣದ ಬಳೆ, ಸಿಮೆಂಟ್ ನೆಲ, ಮೇಲಿಂದ ನನ್ನ ಭಾರ.

ಮಾರನೇ ದಿನ ಬೆಳಿಗ್ಗೆ ಮಾವನ ಫೋನ್ ಬಂತು. "ಚಂದ್ರಿ ಮೂತಿ ಸೊಟ್ಟಗಾಗ್ಬುಟ್ಟದೆ ಕನವ್ವ. ಹುಳ್ಳಿ ತಿಂದದ್ದೆಲ್ಲ ಆಚೆಗೇ ಬೀಳ್ತಾ ಅದೆ. ಬಂದು ನೋಡು."

ಹೋಗಿ ನೋಡಿದೆ. ಮೇಲ್ತುಟಿ ಬಲಕ್ಕೆ ಎಳೆದುಕೊಂಡಿತ್ತು. ಕೆಳತುಟಿ ಎಡಗಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ಬೇಯಿಸಿದ ಹುರುಳಿ ಬಾಯಿಗೆ ತೆಗೆದುಕೊಂಡರೆ ಅರ್ಧ ಎಡ ಸಂದಿಯಿಂದ ಕೆಳಗೆ. ಉಸಿರು ಎಳೆದಾಗ ಬಲ ಹೊಳ್ಳೆ ಅರಳುತ್ತಿತ್ತು, ಎಡದ್ದು ಅಲುಗುತ್ತಲೇ ಇರಲಿಲ್ಲ. ನೀರು ಕುಡಿಯಲು ಬಕೆಟ್ಟಿಗೆ ಮೂತಿಯನ್ನು ಹೊಳ್ಳೆ ಮುಳುಗುವವರೆಗೂ ಇಳಿಸುತ್ತಿತ್ತು, ಆಮೇಲೆ ಸೀನುತ್ತಿತ್ತು.

ಅಕ್ಕಪಕ್ಕದವರು ಬಂದು ನೋಡಿ ಹೋದರು. ಒಬ್ಬರು ದೃಷ್ಟಿ ಅಂದರು. ಒಬ್ಬರು ಲಕ್ವ ಅಂದರು. ಇನ್ನೊಬ್ಬರು ಕೆನ್ನೆಗೆ ಬರೆ ಹಾಕಿಸಿ, ಒಂದೇ ವಾರದಲ್ಲಿ ಸರಿಹೋಗುತ್ತದೆ ಅಂದರು. ಮಾವ ಅದಕ್ಕೆ ಅರ್ಧ ಒಪ್ಪಿಯೂಬಿಟ್ಟಿದ್ದರು. ನಮ್ಮ ಕಡೆ ದನಕರುಗಳಿಗೆ ಬರೆ ಹಾಕುವುದು ಹೊಸದೇನಲ್ಲ, ಅವರು ಚಿಕ್ಕಂದಿನಿಂದ ನೋಡಿದ್ದಾರೆ. ನಾನು ಬೇಡವೇ ಬೇಡ ಅಂತ ಹಟ ಹಿಡಿದೆ. ಒತ್ತಿಹೋಗಿರುವ ನರದ ಮೇಲೆ ಕಾದ ಕಬ್ಬಿಣ ಇಟ್ಟರೆ ಆ ಚರ್ಮ, ಆ ನರ, ಎರಡೂ ಹೋಗುತ್ತವೆ. ಇದನ್ನು ಓದುತ್ತಿರುವ ಯಾರ ಮನೆಯಲ್ಲಾದರೂ ಈ ಮಾತು ಬಂದರೆ ದಯವಿಟ್ಟು ತಡೆಯಿರಿ.

ಆ ಸಂಜೆ ಬೇರೊಬ್ಬ ಡಾಕ್ಟರು ಬಂದರು, ಕುದುರೆಗಳ ಜೊತೆ ತುಂಬ ವರ್ಷ ಕೆಲಸ ಮಾಡಿದವರು. ಅವರು ಮೂತಿ ನೋಡಲೇ ಇಲ್ಲ, ಮೊದಲು ಕಿವಿ ನೋಡಿದರು. ಹಿಂದಿನಿಂದ ಚಪ್ಪಾಳೆ ತಟ್ಟಿದರು. ಎರಡೂ ಕಿವಿ ತಿರುಗಿದವು. ಕಣ್ಣಿನ ಹತ್ತಿರ ಬೆರಳು ತಂದರು. ಎರಡೂ ರೆಪ್ಪೆ ಮುಚ್ಚಿದವು. "ಸದ್ಯ" ಅಂದರು. ಆಮೇಲೆ ನನ್ನ ಬೆರಳು ಹಿಡಿದು ಚಂದ್ರಿಯ ಎಡಕೆನ್ನೆಯ ಮೇಲೆ ಇಟ್ಟರು. ಕಣ್ಣಿನ ಕೆಳಗಿಂದ ಮೂಗಿನ ಕಡೆಗೆ ಉದ್ದಕ್ಕೆ ಒಂದು ಮೂಳೆಯ ದಿಂಡು ಇರುತ್ತದೆ. ಅದರ ಕೆಳಗೆ, ದವಡೆಯ ದಪ್ಪ ಮಾಂಸದ ಮೇಲೆ, ತೆಳ್ಳಗಿನ ದಾರದ ಹಾಗೆ ಏನೋ ಬೆರಳಿಗೆ ಜಾರಿತು. ಅದೇ ಮುಖದ ನರದ ಕವಲು. ಅದರ ಮೇಲೆ ಇರುವುದು ಬರೀ ಚರ್ಮ. ಅದೇ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ, ಕೂದಲು ಒತ್ತಿ ಉಜ್ಜಿಹೋದ ಗುಂಡನೆಯ ಗುರುತು. ಹಾಲ್ಟರಿನ ಬಳೆ ತಂದು ಅದರ ಮೇಲಿಟ್ಟರು. ಸರಿಯಾಗಿ ಕೂತಿತು.

ನನಗೆ ಆಗ ಮಾತೇ ಹೊರಡಲಿಲ್ಲ.

ನಮ್ಮಲ್ಲಿ ನರ ಅಂದರೆ ಎಲ್ಲವೂ ನರವೇ. ಕೈಯಲ್ಲಿ ಉಬ್ಬಿ ಕಾಣುವ ರಕ್ತನಾಳವೂ ನರ, ಉಳುಕಿದ ಸ್ನಾಯುವೂ ನರ. ನಾನಿಲ್ಲಿ ಹೇಳುತ್ತಿರುವುದು ನಿಜವಾದ ನರ, ಮೆದುಳಿನಿಂದ ಮಾಂಸಖಂಡಕ್ಕೆ ಅಲುಗು ಅನ್ನುವ ಸುದ್ದಿ ಒಯ್ಯುವ ತಂತಿ. ಮುಖದ ನರ ಕಿವಿಯ ಕೆಳಗಿಂದ ಹೊರಬಂದು ದವಡೆಯ ಮೇಲೆ ಹಾದು ತುಟಿಗೂ ಹೊಳ್ಳೆಗೂ ಹೋಗುತ್ತದೆ. ಕಿವಿ ಮತ್ತು ರೆಪ್ಪೆಗೆ ಹೋಗುವ ಕವಲುಗಳು ಅದಕ್ಕೆ ಮೊದಲೇ ಒಡೆದುಕೊಂಡಿರುತ್ತವೆ. ಹಾಗಾಗಿ ಕೆನ್ನೆಯ ಮೇಲೆ ಪೆಟ್ಟಾದರೆ ತುಟಿ ಮತ್ತು ಹೊಳ್ಳೆ ಮಾತ್ರ ಸೋಲುತ್ತವೆ, ಕಿವಿ ಮತ್ತು ಕಣ್ಣು ಸರಿಯಾಗಿರುತ್ತವೆ. ಕಿವಿಯೂ ಜೋತುಬಿದ್ದು ರೆಪ್ಪೆಯೂ ಮುಚ್ಚದಿದ್ದರೆ ಪೆಟ್ಟು ಇನ್ನೂ ಹಿಂದೆ ಇದೆ ಅಂತ ಅರ್ಥ, ಅದು ಹೆಚ್ಚು ಕಷ್ಟ. ಡಾಕ್ಟರು "ಸದ್ಯ" ಅಂದದ್ದು ಅದಕ್ಕೇ. ಅಗಿಯುವ ಶಕ್ತಿ ಬರುವುದು, ಮುಖದ ಮೇಲೆ ಮುಟ್ಟಿದ್ದು ಗೊತ್ತಾಗುವುದು ಬೇರೆ ನರದಿಂದ. ಆದ್ದರಿಂದ ಚಂದ್ರಿ ಅಗಿಯಬಲ್ಲದು, ಮುಟ್ಟಿದರೆ ಗೊತ್ತಾಗುತ್ತದೆ, ಆದರೆ ತುಟಿಯಿಂದ ಹುಲ್ಲು ಹೆಕ್ಕಲು ಆಗುವುದಿಲ್ಲ. ಮೂತಿ ಒಳ್ಳೆಯ ಕಡೆಗೆ ಸೊಟ್ಟಗಾಗುತ್ತದೆ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಎಡಗಡೆ ಎಳೆಯುವವರೇ ಇಲ್ಲ, ಬಲಗಡೆಯದು ಮಾತ್ರ ಎಳೆಯುತ್ತಿದೆ, ಅಷ್ಟೇ.

ಹೊಳ್ಳೆಯ ವಿಷಯ ಇನ್ನೂ ಮುಖ್ಯ. ಕುದುರೆ ನಮ್ಮ ಹಾಗೆ ಬಾಯಲ್ಲಿ ಉಸಿರಾಡುವುದಿಲ್ಲ. ಮೂಗೊಂದೇ ದಾರಿ. ಓಡುವಾಗ ಹೊಳ್ಳೆ ಅರಳದಿದ್ದರೆ ಗಾಳಿ ಸಾಲದು. ಟಾಂಗಾ ಎಳೆಯುವ ಕುದುರೆಗೆ ಅದು ಹೊಟ್ಟೆಪಾಡಿನ ಪ್ರಶ್ನೆ.

ನರಕ್ಕೆ ಆಗುವ ಪೆಟ್ಟಿನಲ್ಲಿ ಮೂರು ಬಗೆ ಇದೆಯಂತೆ. 1943ರಲ್ಲಿ ಹರ್ಬರ್ಟ್ ಸೆಡನ್ ಅನ್ನುವ ಇಂಗ್ಲೆಂಡಿನ ಡಾಕ್ಟರು ಮನುಷ್ಯರ ಗಾಯಗಳನ್ನು ನೋಡಿ ಹೀಗೆ ವಿಂಗಡಿಸಿದರು, ಪ್ರಾಣಿಗಳ ಡಾಕ್ಟರುಗಳೂ ಇವತ್ತಿಗೂ ಅದನ್ನೇ ಬಳಸುತ್ತಾರೆ. ಮೊದಲನೆಯದರಲ್ಲಿ ನರ ಒತ್ತಿಹೋಗಿ ಸುದ್ದಿ ನಿಂತಿರುತ್ತದೆ, ಆದರೆ ತಂತಿ ಕಡಿದಿಲ್ಲ. ದಿನಗಳಲ್ಲೋ ವಾರಗಳಲ್ಲೋ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆ ತುಂಡಾಗಿರುತ್ತದೆ, ಹೊರಗಿನ ಕವಚ ಉಳಿದಿರುತ್ತದೆ. ಆ ಕವಚದೊಳಗೆ ಎಳೆ ಮತ್ತೆ ಬೆಳೆಯಬೇಕು. ಮೂರನೆಯದರಲ್ಲಿ ಎಲ್ಲವೂ ತುಂಡು, ಆಪರೇಷನ್ ಇಲ್ಲದೆ ಕೂಡುವ ಆಸೆ ಇಲ್ಲ. ಎಳೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ನಾನು ಚಂದ್ರಿಯ ಕೆನ್ನೆಯ ಗುರುತಿನಿಂದ ಮೇಲ್ತುಟಿಯವರೆಗೆ ಟೇಪು ಹಿಡಿದು ಅಳೆದೆ. 18 ಸೆಂಟಿಮೀಟರ್. ಎಳೆ ತುಂಡಾಗಿದ್ದರೆ 180 ದಿನ, ಅಂದರೆ ಆರು ತಿಂಗಳು. ಮಾವನಿಗೆ ಈ ಲೆಕ್ಕ ಹೇಳಿದಾಗ ಅವರು ಏನೂ ಅನ್ನಲಿಲ್ಲ. ದಸರೆಗೆ ಎರಡೂವರೆ ತಿಂಗಳಿತ್ತು.

ಇದು ಮುಖಕ್ಕಷ್ಟೇ ಆಗುವುದೂ ಅಲ್ಲ. ಕುದುರೆಯನ್ನು ಮಗ್ಗುಲಾಗಿ ತುಂಬ ಹೊತ್ತು ಮಲಗಿಸಿದರೆ ಕೆಳಗೆ ಸಿಕ್ಕ ಮುಂಗಾಲಿನ ನರ ಒತ್ತಿಹೋಗುತ್ತದೆ. ಆ ನರ ಮೇಲ್ತೋಳಿನ ಮೂಳೆಯನ್ನು ಸುತ್ತಿಕೊಂಡು ಬರುತ್ತದೆ, ಮೇಲೆ ಇಡೀ ಮೈಯ ಭಾರ. ಎದ್ದ ಮೇಲೆ ಮೊಣಕೈ ಕುಸಿದು ನಿಲ್ಲುತ್ತದೆ, ಕಾಲು ಮುಂದಕ್ಕೆ ಎತ್ತಿಡಲು ಆಗುವುದಿಲ್ಲ, ಗೊರಸಿನ ತುದಿ ನೆಲಕ್ಕೆ ಉಜ್ಜುತ್ತದೆ. ನೋಡಿದವರು ಕಾಲು ಮುರಿದಿದೆ ಅಂದುಕೊಳ್ಳುತ್ತಾರೆ. ಅರಿವಳಿಕೆಯಲ್ಲಿ ರಕ್ತದ ಒತ್ತಡ ಇಳಿದಿರುತ್ತದೆ, ಒತ್ತಿದ ಜಾಗಕ್ಕೆ ರಕ್ತ ಸಾಕಷ್ಟು ಹೋಗುವುದಿಲ್ಲ, ಅದು ನರಕ್ಕೂ ಪೆಟ್ಟು, ಮಾಂಸಕ್ಕೂ ಪೆಟ್ಟು. ದೊಡ್ಡ ಕುದುರೆ ಆಸ್ಪತ್ರೆಗಳಲ್ಲಿ ಆಪರೇಷನ್ ಉದ್ದಕ್ಕೂ ಸರಾಸರಿ ಒತ್ತಡ 70ಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳುವುದು ಇದಕ್ಕೇ. ನಮ್ಮ ಅಂಗಳದಲ್ಲಿ ಆ ಯಂತ್ರ ಎಲ್ಲಿಂದ ಬರಬೇಕು? ಆದರೆ ಹಾಸಿಗೆ ತರಬಹುದು, ಅಲ್ವಾ? ದಪ್ಪ ಹುಲ್ಲು, ಹಳೇ ಹಾಸಿಗೆ, ಭುಜದ ಕೆಳಗೆ ಗಾಳಿ ತುಂಬಿದ ಟಯರ್ ಟ್ಯೂಬು. ಕೆಳಗಿನ ಮುಂಗಾಲನ್ನು ಮೆಲ್ಲಗೆ ಮುಂದಕ್ಕೆ ಎಳೆದಿಟ್ಟರೆ ಎದೆಯ ಭಾರ ನರದ ಮೇಲೆ ಬೀಳುವುದು ಕಡಿಮೆಯಾಗುತ್ತದೆ. ಒಂದು ಪೈಸೆ ಖರ್ಚಿಲ್ಲದ ಕೆಲಸ.

ಮಂಡ್ಯ ಕಡೆಯವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ದೊಡ್ಡ ಕರು ಹಾಕಿದ ಹಸು ಎದ್ದು ನಿಲ್ಲಲಾರದೆ ಕೂತುಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಕರು ಹೊರಬರುವಾಗ ಸೊಂಟದೊಳಗಿನ ನರ ಒತ್ತಿಹೋಗಿ ಹಾಗಾಗುವುದೂ ಉಂಟು. ಅದಕ್ಕೆ ನಮ್ಮಜ್ಜಿ ಹುಲ್ಲು ಹಾಸಿ, ದಿನಕ್ಕೆ ನಾಲ್ಕೈದು ಸಲ ಮಗ್ಗುಲು ಬದಲಿಸುತ್ತಿದ್ದರು. ಒಂದೇ ಕಡೆ ಬಿದ್ದಿದ್ದರೆ ಕಾಲು ಸತ್ತುಹೋಗುತ್ತದೆ ಅಂತ. ಹಸುವಿಗೆ ಮಾಡುತ್ತಿದ್ದದ್ದು ಕುದುರೆಗೆ ಯಾಕೆ ನೆನಪಾಗಲಿಲ್ಲವೋ.

ಟಾಂಗಾ ಕುದುರೆಗಳಿಗೆ ಇನ್ನೊಂದು ಇದೆ, ಇದು ಚಿಕಿತ್ಸೆಯದಲ್ಲ, ಆದರೂ ಹೇಳಿಬಿಡುತ್ತೇನೆ. ಕತ್ತಿನ ಪಟ್ಟಿ ಸರಿಯಾಗಿ ಕೂರದೆ ಭುಜದ ಮುಂದಿನ ಅಂಚನ್ನು ಒತ್ತುತ್ತಿದ್ದರೆ ಅಲ್ಲಿ ಹಾದುಹೋಗುವ ನರ ಸೋಲುತ್ತದೆ. ಕೆಲವು ವಾರಗಳಲ್ಲಿ ಭುಜದ ಮಾಂಸ ಕರಗಿ ಮೂಳೆಯ ದಿಂಡು ಎದ್ದು ಕಾಣುತ್ತದೆ. ಮಾವ ಇಂಥ ಎರಡು ಕುದುರೆ ನೋಡಿದ್ದಾರಂತೆ. ಮೇವು ಸಾಲದೆ ಸೊರಗಿದೆ ಅಂದುಕೊಂಡು ಹುರುಳಿ ಜಾಸ್ತಿ ಮಾಡಿದ್ದರಂತೆ.

ಮೇಲ್ತುಟಿ ತಿರುಚುವ ಆ ಕೋಲಿನ ಬಗ್ಗೆ ಡಾಕ್ಟರನ್ನು ಕೇಳಿದೆ. ಅದು ಪೂರ್ತಿ ತಪ್ಪಲ್ಲ ಅಂದರು. ಮೇಲ್ತುಟಿಯನ್ನು ಹಾಗೆ ಹಿಡಿದರೆ ಕುದುರೆಯ ಮೈಯಲ್ಲೇ ನೋವು ತಗ್ಗಿಸುವ ವಸ್ತು ಬಿಡುಗಡೆಯಾಗುತ್ತದೆ ಅಂತ 1984ರಲ್ಲೇ ಹಾಲೆಂಡಿನವರು ತೋರಿಸಿದ್ದಾರೆ. ಆದರೆ ಐದು ನಿಮಿಷದೊಳಗೆ ಮುಗಿಯುವ ಕೆಲಸಕ್ಕೆ ಮಾತ್ರ. ಅದಕ್ಕಿಂತ ಹೆಚ್ಚು ಹೊತ್ತಾದರೆ ಎದೆಬಡಿತ ಮತ್ತೆ ಏರುತ್ತದೆ, ಆಮೇಲೆ ಅದು ಬರೀ ನೋವು. ಕಿವಿ ತಿರುಚುವುದಂತೂ ಮೊದಲ ಕ್ಷಣದಿಂದಲೂ ಹಿಂಸೆಯೇ. ಕಿವಿಯ ಬುಡದ ನರಕ್ಕೂ ಪೆಟ್ಟಾಗಬಹುದು, ಆಮೇಲೆ ಆ ಕುದುರೆ ಯಾರಿಗೂ ತಲೆ ಮುಟ್ಟಲು ಬಿಡುವುದಿಲ್ಲ. ನಿಜ. ಚಂದ್ರಿ ಈಗಲೂ ಬಲಗಿವಿಯ ಹತ್ತಿರ ಕೈ ತಂದರೆ ಕತ್ತು ಎತ್ತಿಬಿಡುತ್ತದೆ.

ಸರಿ, ನಾವು ಏನು ಮಾಡಿದೆವು. ಡಾಕ್ಟರು ಊತಕ್ಕೆ ಔಷಧಿ ಕೊಟ್ಟರು. ಮೊದಲೆರಡು ದಿನ ಒದ್ದೆ ಬಟ್ಟೆಯಲ್ಲಿ ಐಸ್ ಸುತ್ತಿ ಕೆನ್ನೆಗೆ ಇಟ್ಟೆವು. ಒಣ ಮೇವು ನಿಲ್ಲಿಸಿ ಬೂಸಾ, ಹುರುಳಿ ಎರಡನ್ನೂ ಗಂಜಿಯಷ್ಟು ತೆಳ್ಳಗೆ ಕಲಸಿ ಕೊಟ್ಟೆವು. ಗರಿಕೆಯನ್ನು ಮಾವ ಕೈಯಲ್ಲಿ ಸಣ್ಣ ಸಣ್ಣ ಹಿಡಿ ಮಾಡಿ ಬಲ ಸಂದಿಗೆ ಇಡುತ್ತಿದ್ದರು. ನೀರಿಗೆ ಆಳದ ಬಕೆಟ್ಟು. ಮುಖ್ಯವಾದದ್ದು ಇನ್ನೊಂದು. ಎಡಕೆನ್ನೆಯ ಒಳಗೆ ಮೇವು ಸೇರಿಕೊಂಡು ಅಲ್ಲೇ ಕೊಳೆಯುತ್ತದೆ, ಏಕೆಂದರೆ ಕೆನ್ನೆಗೆ ಅದನ್ನು ಹಲ್ಲಿನ ಕಡೆ ತಳ್ಳುವ ಶಕ್ತಿ ಇರುವುದಿಲ್ಲ. ದಿನಕ್ಕೆ ಎರಡು ಸಲ ಹೊರಗಿನಿಂದ ಒತ್ತಿ ಅದನ್ನು ತೆಗೆಯಬೇಕು. ಒಳಗೆ ಬೆರಳು ಹಾಕಬೇಡಿ, ಅಗಿಯುವ ಹಲ್ಲಿನ ಶಕ್ತಿ ಹಾಗೆಯೇ ಇರುತ್ತದೆ. ಎರಡನೇ ದಿನ ನಾನು ತೆಗೆದ ಉಂಡೆ ನಿಂಬೆಹಣ್ಣಿನ ಗಾತ್ರ ಇತ್ತು, ಹುಳಿ ವಾಸನೆ.

ದಿನಾ ಸಂಜೆ ಒಂದು ಪರೀಕ್ಷೆ ಮಾಡುತ್ತಿದ್ದೆವು. ಮಾವ ಬೆಲ್ಲದ ಸಣ್ಣ ಚೂರು ಅಂಗೈಯಲ್ಲಿಟ್ಟು ಚಂದ್ರಿಯ ಎಡಗಡೆಯಿಂದ ತರುವರು. ಆರೋಗ್ಯವಾಗಿರುವ ಕುದುರೆಯ ಮೇಲ್ತುಟಿ ಬೆರಳಿದ್ದ ಹಾಗೆ, ಮುಂದಕ್ಕೆ ಚಾಚಿ ಹುಡುಕುತ್ತದೆ. ಚಂದ್ರಿ ತುಟಿ ಚಾಚಲಾರದೆ ಇಡೀ ತಲೆ ತಿರುಗಿಸಿ ಹಲ್ಲಿನಲ್ಲಿ ತೆಗೆದುಕೊಳ್ಳುತ್ತಿತ್ತು. ಒಂದು ವಾರ ಹಾಗೇ. ಎರಡು ವಾರ ಹಾಗೇ. ಮಾವ ಟಾಂಗಾವನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟು ಲಾಯದ ಮುಂದೆಯೇ ಕೂತಿರುತ್ತಿದ್ದರು. "ನನ್ನ ತಪ್ಪು ಮಾವ" ಅಂತ ಒಂದು ದಿನ ಹೇಳಿದೆ. "ಬಳೆ ನೋಡದೆ ಹೋದವನು ನಾನೂ ಅಲ್ಲೇ ನಿಂತಿದ್ದೆ ಕನವ್ವ" ಅಂದರು.

ಹತ್ತೊಂಬತ್ತನೇ ದಿನ ಎಡ ಹೊಳ್ಳೆಯ ಅಂಚು ನಡುಗಿತು. ಗಾಳಿಗೆ ಇರಬೇಕು ಅಂದುಕೊಂಡೆ. ಬೆಲ್ಲ ತೋರಿಸಿದಾಗ ಮತ್ತೆ ನಡುಗಿತು. ಮಾವ ಬಕೆಟ್ಟು ಅಲ್ಲೇ ಬಿಟ್ಟು ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ಇಬ್ಬರೂ ಮಾತಾಡಲಿಲ್ಲ. ಅಷ್ಟು ಬೇಗ ಬಂದದ್ದರಿಂದ ಹೆಚ್ಚಿನ ಎಳೆಗಳು ಕಡಿದಿಲ್ಲ, ಬರೀ ಒತ್ತಿಹೋಗಿದ್ದವು ಅಂತ ಡಾಕ್ಟರು ಹೇಳಿದರು. ಎರಡು ತಿಂಗಳಿಗೆ ತುಟಿ ಹೆಚ್ಚುಕಡಿಮೆ ನೇರವಾಯಿತು. ಆ ದಸರೆಗೆ ಮಾವ ಗಾಡಿ ಕಟ್ಟಲಿಲ್ಲ, ಉಸಿರು ಪೂರ್ತಿ ಸರಿಹೋಗಲಿ ಅಂತ ಕಾದರು. ಆ ಹತ್ತು ದಿನದ ಸಂಪಾದನೆ ಹೋಯಿತು. ಈಗಲೂ ನೀರು ಕುಡಿದು ತಲೆ ಎತ್ತಿದಾಗ ಎಡ ಸಂದಿಯಿಂದ ನಾಲ್ಕು ಹನಿ ಬೀಳುತ್ತವೆ.

ಇದನ್ನು ಒಬ್ಬಿಬ್ಬರು ಟಾಂಗಾದವರಿಗೆ ಹೇಳಿದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಹಾಲ್ಟರ್ ಬಿಚ್ಚಿಬಿಟ್ಟರೆ ಏಳುವಾಗ ಹಿಡಿಯುವುದು ಹೇಗೆ? ಸರಿಯಾದ ಪ್ರಶ್ನೆ. ಮಂಪರಿನಲ್ಲಿ ಎದ್ದ ಕುದುರೆ ತೂರಾಡಿ ಎಲ್ಲಾದರೂ ಬೀಳಬಹುದು. ಬಳೆ, ಬಕಲ್ ಯಾವುದೂ ಇಲ್ಲದ ಮೆತ್ತನೆಯ ಹತ್ತಿ ಹಗ್ಗದ ಹಾಲ್ಟರ್ ಸಿದ್ಧವಾಗಿಟ್ಟುಕೊಳ್ಳಿ. ಕೆಲಸ ಮುಗಿದು ಕಿವಿ ಅಲುಗಲು ಶುರುವಾದಾಗ ಅದನ್ನು ಹಾಕಿ. ಬಿಚ್ಚಲು ಆಗಲೇ ಇಲ್ಲ ಅನ್ನುವ ಹಾಗಿದ್ದರೆ ಬಳೆಯ ಕೆಳಗೆ ದಪ್ಪ ಟವೆಲ್ ಮಡಚಿ ತುರುಕಿ. ತಲೆ ಹಿಡಿಯುವವರು ಹಾಲ್ಟರ್ ಹಿಡಿದು ಒತ್ತಬಾರದು, ಕತ್ತಿನ ಮೇಲ್ಭಾಗಕ್ಕೆ ಕೈ ಇಟ್ಟರೆ ಸಾಕು, ಇಂಜೆಕ್ಷನ್ ಸರಿಯಾಗಿ ಹಿಡಿದಿದ್ದರೆ ಅದೂ ಬೇಕಾಗುವುದಿಲ್ಲ. ಕುದುರೆ ಅಲುಗಾಡುತ್ತಿದೆ ಅಂದರೆ ಮದ್ದು ಸಾಲದು ಅಂತ ಅರ್ಥ, ನಮ್ಮ ತೋಳಿನ ಬಲ ಸಾಲದು ಅಂತ ಅಲ್ಲ.

ಹೋದ ತಿಂಗಳು ಊರಿನಲ್ಲಿ ಮಾವನ ಗೆಳೆಯರ ಗಂಡು ಕುದುರೆಗೆ ಬೀಜ ತೆಗೆಸುವುದಿತ್ತು. ಮಾವ ನನ್ನನ್ನೂ ಕರೆದುಕೊಂಡು ಹೋದರು. ಗದ್ದೆ ಬಯಲಿನಲ್ಲಿ ಮಣ್ಣು ಮೆತ್ತಗಿರುವ ಜಾಗ ಆರಿಸಿ, ಭತ್ತದ ಹುಲ್ಲನ್ನು ಮೊಣಕಾಲುದ್ದ ಹಾಸಿಸಿದರು. ಟ್ರ್ಯಾಕ್ಟರ್ ಟ್ಯೂಬಿಗೆ ಅರ್ಧ ಗಾಳಿ ತುಂಬಿಸಿದರು. ಡಾಕ್ಟರು ಹೊಸಬರು, ಚಿಕ್ಕ ವಯಸ್ಸು. ಕುದುರೆ ಮಲಗಿದ್ದೇ ಅವರು ಕೈ ತೊಳೆಯಲು ತಿರುಗಿದರು. ಮಾವ ಏನೂ ಹೇಳದೆ ಮಂಡಿಯೂರಿ ಕೂತು ಹಾಲ್ಟರ್ ಬಿಚ್ಚಿದರು, ಕೆನ್ನೆಯ ಕೆಳಗೆ ತಮ್ಮ ಟವೆಲ್ ಮಡಚಿಟ್ಟರು, ಕಣ್ಣಿಗೆ ಬಟ್ಟೆ ಮುಚ್ಚಿದರು. ಡಾಕ್ಟರು ತಿರುಗಿ ನೋಡಿ, "ಅಣ್ಣ, ಕೆಳಗಿನ ಮುಂಗಾಲು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳಿ" ಅಂದರು. ಅವರಿಗೂ ಗೊತ್ತಿತ್ತು.

ಇಪ್ಪತ್ತೈದು ನಿಮಿಷದಲ್ಲಿ ಕೆಲಸ ಮುಗಿಯಿತು. ಕುದುರೆ ಎದ್ದು, ಎರಡು ಸಲ ತೂರಾಡಿ, ನಿಂತು, ಹಾಸಿದ್ದ ಹುಲ್ಲಿನಿಂದಲೇ ಒಂದು ಎಸಳನ್ನು ತುಟಿಯಲ್ಲಿ ಹೆಕ್ಕಿಕೊಂಡಿತು. ಡಾಕ್ಟರು ತಕ್ಷಣ ಬಂದು ಅದನ್ನು ಬಾಯಿಂದ ಎಳೆದರು, ಮಂಪರು ಪೂರ್ತಿ ಇಳಿಯುವ ಮೊದಲು ಮೇವು ಕೊಡಬಾರದು ಅಂತ. ಮಾವ ಮಾತ್ರ ಅದರ ತುಟಿಯನ್ನೇ ನೋಡುತ್ತಾ ನಿಂತಿದ್ದರು.